ಓದುಗರ ಪ್ರಶ್ನೆ: ಪ್ರಾರ್ಥನೆ, ನಿರೂಪಣೆ, ವಂದನಾರ್ಪಣೆ

ಪ್ರಶ್ನೆ: ಮೇಡಂ, ನಾನು ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಎಂ.ಎ. ತರಗತಿ ತುಂಬ ಹುಡುಗಿಯರು. ವಿಭಾಗದ ಕಾಯಂ ಹುದ್ದೆಯಲ್ಲಿರೋರು ಎಲ್ಲ ಗಂಡಸರು. ಕೇಳಿದರೆ ‘ಹೆಣ್ಮಕ್ಳು ಅರ್ಜಿನೇ ಹಾಕಲ್ವಲ್ಲಮ್ಮ’ ಅಂತಾರೆ. ಪಿಎಚ್.ಡಿ.ಗೆ ನೋಂದಣಿಯಾಗಿದೆ, ಈಗ ಬಸುರಿ. ಕೆಲಸ, ಓದು ಎರಡನ್ನೂ ಬಿಟ್ಟುಬಿಡಲಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಬಿಡಬೇಡಿ ತಾಯಿ. ಮೊದಲು ಕಾನೂನು ಹೇಳ್ತೀನಿ, ಬೈಯೋದು ಆಮೇಲೆ.

ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನಿಯಮಾವಳಿಯಲ್ಲಿ ಪಿಎಚ್.ಡಿ.ಗೆ ಗರಿಷ್ಠ ಆರು ವರ್ಷ, ಮರುನೋಂದಣಿ ಮಾಡಿಸಿದರೆ ಇನ್ನೆರಡು, ಹೆಣ್ಣುಮಕ್ಕಳಿಗೆ ಅದರ ಮೇಲೆ ಮತ್ತೆರಡು. ಹೆರಿಗೆಗೆ, ಮಗು ನೋಡಿಕೊಳ್ಳೋದಕ್ಕೆ 240 ದಿನಗಳವರೆಗೆ ರಜೆ. ಗೈಡ್ ‘ಆಗ್ಲಿ, ನೋಡೋಣ’ ಅಂದರೆ ನಂಬಿ ಕೂರಬೇಡಿ. ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಇನ್ನು ಕೆಲಸ: ಗುತ್ತಿಗೆ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಕೊಡಲೇಬೇಕು ಅಂತ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಗುತ್ತಿಗೆ ವೈದ್ಯೆಯೊಬ್ಬರ ಪ್ರಕರಣದಲ್ಲಿ ಹೇಳಿದೆ. ನಿಮ್ಮ ನೇಮಕಾತಿ ಆದೇಶ ಹಿಡಿದು ಒಬ್ಬ ವಕೀಲರನ್ನು ಕಾಣಿ.

ಈಗ ಆ ‘ಅರ್ಜಿ ಹಾಕಲ್ಲ’ ಅನ್ನೋ ಮಾತು. ಮೊನ್ನೆ ಬಂದ ವಿಚಾರ ಸಂಕಿರಣದ ಆಹ್ವಾನ ಪತ್ರಿಕೆ ಇಲ್ಲೇ ನನ್ನ ಮೇಜಿನ ಮೇಲಿದೆ. ವಿಷಯ, ಮಹಿಳಾ ಸಬಲೀಕರಣ. ಉದ್ಘಾಟನೆ, ದಿಕ್ಸೂಚಿ ಭಾಷಣ, ಅಧ್ಯಕ್ಷತೆ ಎಲ್ಲ ‘ಶ್ರೀ’ಗಳದ್ದು. ಶ್ರೀಮತಿಯರಿಗೆ ಪ್ರಾರ್ಥನೆ, ಸ್ವಾಗತ, ನಿರೂಪಣೆ, ವಂದನಾರ್ಪಣೆ. (ರಂಗೋಲಿ ಹಾಕಿದವರ ಹೆಸರು ಅಚ್ಚಾಗೋದಿಲ್ಲ.) ಬಡ್ತಿಗೆ, ನೇಮಕಾತಿಗೆ ಲೆಕ್ಕಕ್ಕೆ ಬರೋದು ಮಂಡಿಸಿದ ಪ್ರಬಂಧ, ವಂದನಾರ್ಪಣೆ ಅಲ್ಲ. ಯಾರು ಯಾವ ಪತ್ರಿಕೆ ಪಾಠ ಮಾಡಬೇಕು, ಯಾರು ಸಂಪನ್ಮೂಲ ವ್ಯಕ್ತಿ ಅನ್ನೋದು ವಿಭಾಗದ ಸಭೆಗೆ ಬರುವ ಹೊತ್ತಿಗೆ ತೀರ್ಮಾನವಾಗಿರುತ್ತೆ, ಹಿಂದಿನ ಸಂಜೆ ಮಂಡಕ್ಕಿ-ಮೆಣಸಿನಕಾಯಿ ತಿನ್ನುವಾಗ. ಆ ಹೊತ್ತಿಗೆ ನೀವು ಊರಿನ ಬಸ್ಸಲ್ಲಿರ್ತೀರಿ.

ಕ್ಷೇತ್ರಕಾರ್ಯದ ಕಥೆಯೂ ಅಷ್ಟೇ. ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಬಗ್ಗೆ ಬರೆಯೋ ಹುಡುಗಿ ಅವರು ಮಗ್ಗ ಬಿಟ್ಟು ಏಳುವವರೆಗೆ ಕಾಯಬೇಕು. ಅವರು ಬಾಯಿ ಬಿಡುವ ಹೊತ್ತಿಗೆ ಇವಳಿಗೆ ಬಸ್ಸಿನ ಚಿಂತೆ. ಶಕ್ತಿ ಯೋಜನೆ ಬಂದಮೇಲೆ ಟಿಕೆಟ್ ಖರ್ಚು ಉಳಿದಿದೆ ನಿಜ, ರಾತ್ರಿ ಉಳಿಯೋದೆಲ್ಲಿ? ಇಬ್ಬರನ್ನು ಜೊತೆಮಾಡಿ ಕಳಿಸೋದು, ವಾಹನಕ್ಕೆ, ವಸತಿಗೆ ದುಡ್ಡು ಕೊಡೋದು ವಿಭಾಗದ ಕೆಲಸ. ಅದನ್ನು ಹುಡುಗಿಯ ಧೈರ್ಯದ ಪ್ರಶ್ನೆ ಮಾಡಿಬಿಟ್ಟಿದ್ದೇವೆ.

ಮುಂದಿನ ಸಭೆಗೆ ಒಂದು ಪತ್ರ ಕೊಡಿ, ಒಬ್ಬರೇ ಬೇಡ, ನಾಲ್ಕು ಜನ ಸಹಿ ಮಾಡಿ. ಈ ವರ್ಷ ಯಾರಿಗೆ ಯಾವ ಸಮಿತಿ, ಯಾರಿಗೆ ಯಾವ ಗೋಷ್ಠಿ ಅನ್ನೋ ಪಟ್ಟಿಯನ್ನು ನಡಾವಳಿಯಲ್ಲಿ ಬರೆಸಿ ಅಂತ ಕೇಳಿ. ಹುದ್ದೆಯ ಜಾಹೀರಾತು ಬಂದಾಗ ‘ಅರ್ಜಿ ಹಾಕಪ್ಪ’ ಅಂತ ಗಂಡುಮಕ್ಕಳಿಗೆ ಫೋನ್ ಮಾಡಿದ ಹಾಗೆ ನಿಮಗೂ ಮಾಡಿದರಾ ಅಂತಲೂ ಕೇಳಿ.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಜಾಗ ಮಾಡಿಕೊಡುತ್ತಾ ಹೋದರೆ ಅರ್ಹತೆಯ ಗತಿ ಏನು?
– ನಿವೃತ್ತ ಪ್ರಾಧ್ಯಾಪಕರು, ಚಿತ್ರದುರ್ಗ

ಉತ್ತರ: ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್‌ನಲ್ಲಿ ಪಾಸಾಗಲು ಹೆಣ್ಣು ಅನ್ನೋ ಕಾರಣಕ್ಕೆ ಒಂದು ಅಂಕದ ರಿಯಾಯಿತಿಯೂ ಇಲ್ಲ ಸರ್. ಮತ್ತೆ, ಐವತ್ತು ಅಥವಾ ಹೆಚ್ಚು ಜನ ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕು ಅಂತ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲೇ ತಿದ್ದುಪಡಿ ಮಾಡಿದ್ದಾರೆ. ನರೇಗಾ ಕೂಲಿಗೆ ಹೋಗುವ ತಾಯಂದಿರಿಗೆ ಪಂಚಾಯಿತಿಗಳಲ್ಲೇ ‘ಕೂಸಿನ ಮನೆ’ ಮಾಡಿದ್ದಾರೆ. ತಾವು ಇಷ್ಟು ವರ್ಷ ಪಾಠ ಮಾಡಿದ ಕಡೆ ಅಂಥದ್ದೊಂದು ಕೋಣೆ ಇತ್ತಾ?