ಮಾಕಿ ಎಲ್ಲಿ ಹೋದ, ಟೀಚರ್?

ಹಿಂದಿನ ಸಂಚಿಕೆಯಲ್ಲಿ, ನಿದ್ದೆ ಬಾರದ ರಾತ್ರಿ ‘ಒಸ್ಸಾನ್ಸ್ ಲವ್’ ಎಂಬ ಜಪಾನಿ ಧಾರಾವಾಹಿ ನೋಡುತ್ತೇನೆ ಎಂದು ಒಂದು ಸಾಲು ಬರೆದಿದ್ದೆ. ಅಷ್ಟೇ. ಈ ಸಲ ಬಂದ ಕಾಗದ, ಮೆಸೇಜುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರದ್ದೇ. ಕಾಸರಗೋಡಿನ ಮೂಲೆ ಮೂಲೆಯಲ್ಲಿ ಇಷ್ಟು ಜನ ಜಪಾನಿ ನೋಡುತ್ತಾ ಕೂತಿದ್ದೀರಿ ಅಂತ ಯಾರಿಗೆ ಗೊತ್ತಿತ್ತು!

ನೋಡದವರಿಗೆ ಎರಡು ಮಾತು. ಹರುತ ಎಂಬವನಿಗೆ ಮೂವತ್ತಮೂರು ವರ್ಷ. ಮನೆ ಮಾರಿಸುವ, ಬಾಡಿಗೆಗೆ ಕೊಡಿಸುವ ಕಂಪೆನಿಯಲ್ಲಿ ಕೆಲಸ. ಅಡುಗೆ ಬಾರದು, ಕಸ ಗುಡಿಸಲು ಬಾರದು. ಅವನ ಮೇಲಧಿಕಾರಿ ಕುರೊಸಾವನಿಗೆ ಐವತ್ತೈದು, ಮನೆಯಲ್ಲಿ ಹೆಂಡತಿ ಇದ್ದಾಳೆ. ಒಂದು ದಿನ ಈ ಮೇಲಧಿಕಾರಿ ಗುಲಾಬಿ ಹೂ ಹಿಡಿದುಕೊಂಡು ಬಂದು ಹರುತನಿಗೆ ‘ನಿನ್ನ ಮೇಲೆ ಪ್ರೀತಿ’ ಎನ್ನುತ್ತಾನೆ. ಹರುತನ ಮನೆಯಲ್ಲೇ ಉಳಿದುಕೊಂಡಿರುವ ಕಿರಿಯ ಸಹೋದ್ಯೋಗಿ ಮಾಕಿಗೂ ಅವನ ಮೇಲೇ ಮನಸ್ಸು. ಇಂಥ ಕಥೆಗಳಿಗೆ ಬಾಯ್ಸ್ ಲವ್ ಎನ್ನುತ್ತಾರೆ, ಚಿಕ್ಕದಾಗಿ ಬಿಎಲ್. 2018ರಲ್ಲಿ ಟಿವಿ ಅಸಾಹಿಯಲ್ಲಿ ಶನಿವಾರ ತಡರಾತ್ರಿ ಬಂತು. ಏಳೇ ಕಂತು. ಇನ್ನು ಪ್ರಶ್ನೆಗಳಿಗೆ ಬರೋಣ.

ಮೊದಲ ಸೀಸನ್ ಮುಗಿಸಿ ಕಣ್ಣೊರೆಸಿಕೊಂಡು ಎರಡನೆಯದು ಹಾಕಿದೆ. ಹರುತ ವಿಮಾನದಲ್ಲಿ ಕೆಲಸ ಮಾಡುತ್ತಾ ಇದ್ದಾನೆ! ಮಾಕಿಯ ಪತ್ತೆಯೇ ಇಲ್ಲ. ಯಾರೂ ಅವನ ಹೆಸರು ಕೂಡ ಎತ್ತುವುದಿಲ್ಲ. ನಾನು ಯಾವುದಾದರೂ ಕಂತು ಬಿಟ್ಟೆನಾ ಟೀಚರ್? — ಓದುಗಿ, ಮಂಜೇಶ್ವರ

ನೀವು ಏನೂ ಬಿಟ್ಟಿಲ್ಲ ಮಾರಾಯ್ತಿ. ಬಿಟ್ಟದ್ದು ಅವರು. ಎರಡನೇ ಸೀಸನ್ನಿನ ಹೆಸರು ‘ಇನ್ ದ ಸ್ಕೈ’. 2019ರ ನವೆಂಬರ್, ಡಿಸೆಂಬರಿನಲ್ಲಿ ಎಂಟು ಕಂತು ಬಂತು. ಅದು ಮೊದಲನೆಯದರ ಮುಂದುವರಿದ ಭಾಗವೇ ಅಲ್ಲ. ಹರುತನಾಗಿ ಅದೇ ತನಾಕ ಕೇಯಿ, ಕುರೊಸಾವನಾಗಿ ಅದೇ ಯೊಶಿದ ಕೊತಾರೊ. ಆದರೆ ಕಂಪೆನಿ ಹೋಗಿ ವಿಮಾನ ಬಂತು. ಹರುತ ಪ್ರಯಾಣಿಕರ ಸೇವೆಗೆ ನಿಂತ, ಕುರೊಸಾವ ಕ್ಯಾಪ್ಟನ್ ಆದ. ಇವರಿಬ್ಬರಿಗೂ ಹಿಂದಿನ ಕಥೆ ನಡೆದೇ ಇಲ್ಲ.

ನಮ್ಮ ಕುಂಬಳೆ ಸೀಮೆಯವರಿಗೆ ಇದು ಅರ್ಥವಾಗದ ಸಂಗತಿ ಅಲ್ಲ. ಯಕ್ಷಗಾನದಲ್ಲಿ ಮೇಳ ಅದೇ, ಕಲಾವಿದರು ಅವರೇ, ಇವತ್ತಿನ ಪ್ರಸಂಗ ಬೇರೆ. ನಿನ್ನೆ ಸತ್ತವನು ಇವತ್ತು ಚೌಕಿಯಲ್ಲಿ ಬಣ್ಣ ಹಚ್ಚುತ್ತಾ ಕೂತಿದ್ದರೆ ನಾವು ಯಾರೂ ಹೌಹಾರುವುದಿಲ್ಲ. ಇಲ್ಲಿ ತೊಂದರೆ ಏನೆಂದರೆ, ಪ್ರಸಂಗ ಬದಲಾದರೂ ಪಾತ್ರದ ಹೆಸರು ಬದಲಾಗಲಿಲ್ಲ. ಅದಕ್ಕೇ ನಿಮಗೆ ಮೋಸ ಹೋದ ಹಾಗೆ ಅನಿಸಿದ್ದು.

ಇನ್ನೊಂದು ಸಂಗತಿ ಕೇಳಿದರೆ ಸಿಟ್ಟು ಸ್ವಲ್ಪ ಇಳಿಯಬಹುದು. ಮಾಕಿಯೂ ಮೊದಲಿಂದ ಇದ್ದವನಲ್ಲ. 2016ರ ವರ್ಷದ ಕೊನೆಗೆ ಇದೇ ಹೆಸರಿನಲ್ಲಿ ಒಂದೇ ರಾತ್ರಿಯ ನಾಟಕವೊಂದು ಟಿವಿಯಲ್ಲಿ ಬಂದಿತ್ತು. ಅದರಲ್ಲೂ ಹರುತ ಇದ್ದ, ಕುರೊಸಾವ ಇದ್ದ. ಕಿರಿಯ ಸಹೋದ್ಯೋಗಿ ಮಾತ್ರ ಹಸೆಗಾವ ಎಂಬ ಬೇರೆ ಹುಡುಗ. 2018ಕ್ಕೆ ಆ ಜಾಗಕ್ಕೆ ಮಾಕಿ ಬಂದ. ಆಗ ಯಾರೂ ‘ಹಸೆಗಾವ ಎಲ್ಲಿ’ ಎಂದು ಎದೆ ಬಡಿದುಕೊಂಡ ಹಾಗೆ ಕಾಣುವುದಿಲ್ಲ. ಮೂರೂ ಬಾರಿ ಬರೆದವರು ತೊಕುಒ ಕೋಜಿಯವರೇ. ಇಬ್ಬರನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಬದಲಿಸುವುದು ಅವರಿಗೆ ಹೊಸದಲ್ಲ.

ಆದರೂ ನಿಮ್ಮ ದೂರು ನ್ಯಾಯದ್ದೇ. 2019ರ ಆಗಸ್ಟಿನಲ್ಲಿ ಹರುತ–ಮಾಕಿ ಕಥೆ ಸಿನಿಮಾ ಆಗಿ ಬಂತು. ಜನ ಟಿಕೆಟ್ ಕೊಟ್ಟು ನೋಡಿದರು. ಆ ಗುಂಗು ಇಳಿಯುವ ಮೊದಲೇ ಹರುತ ಇನ್ನೊಬ್ಬನ ಹಿಂದೆ ಓಡಿದರೆ ಯಾರಿಗೆ ಹಿಡಿಸೀತು? ಜಪಾನಿನಲ್ಲೂ ಎಷ್ಟೋ ಜನ ಮುನಿಸಿಕೊಂಡರು.

ಈಗ ನನ್ನ ಮಾತು. ಈ ಎರಡನೆಯದರಲ್ಲಿ ಮೊದಲನೆಯದರಲ್ಲಿ ಇಲ್ಲದ ಒಂದು ಚಂದ ಉಂಟು. ಮೊದಲ ಸೀಸನ್ನಿನಲ್ಲಿ ಹರುತ ಸುಮ್ನೆ ನಿಂತವನು. ಎಲ್ಲರೂ ಬಂದು ಅವನನ್ನು ಪ್ರೀತಿಸುತ್ತಾರೆ, ಅವನು ‘ಹಾಂ? ಹೂಂ?’ ಎಂದು ಕಣ್ಣು ಬಿಡುತ್ತಾನೆ. ಎರಡನೆಯದರಲ್ಲಿ ಕುರೊಸಾವ ಹರುತನನ್ನು ಬಯಸುತ್ತಾನೆ. ಹರುತನಿಗೆ ಸಹಪೈಲಟ್ ನಾರುಸೆ ಬೇಕು. ನಾರುಸೆಯ ಕಣ್ಣು ವಿಮಾನ ರಿಪೇರಿಯ ಶಿನೊಮಿಯನ ಮೇಲೆ. ಶಿನೊಮಿಯನಿಗೆ ಹರುತ ಇಷ್ಟ. ಒಬ್ಬರ ಬೆನ್ನು ಒಬ್ಬರು ನೋಡುತ್ತಾ ಸುತ್ತು ಹಾಕುತ್ತಾರೆ. ಕೊನೆಗೂ ಹರುತನಿಗೆ ಬೇಡವೆನ್ನಿಸಿಕೊಳ್ಳುವುದು ಹೇಗಿರುತ್ತದೆ ಎಂದು ತಿಳಿಯುತ್ತದೆ. ತನಾಕ ಕೇಯಿಯ ಮುಖ ಆಗ ನೋಡಬೇಕು. ಅಷ್ಟಕ್ಕಾದರೂ ಎಂಟು ಕಂತು ಕೂತು ನೋಡಬಹುದು.

ಕಳಕೊಂಡದ್ದೂ ಉಂಟು. ಮೊದಲನೆಯದರಲ್ಲಿ ಪ್ರೀತಿ ಬೆಳೆದದ್ದು ಅಡುಗೆಮನೆಯಲ್ಲಿ, ಒಗೆಯುವ ಬಟ್ಟೆಯ ನಡುವೆ, ‘ಇದನ್ನು ಇಲ್ಲಿ ಯಾಕೆ ಬಿಸಾಡಿದ್ದು’ ಎಂಬ ಜಗಳದಲ್ಲಿ. ಸಮವಸ್ತ್ರ, ವಿಮಾನ, ಆಕಾಶ ಎಲ್ಲ ನೋಡಲು ಚಂದ. ಆ ಮನೆಯ ವಾಸನೆ ಮಾತ್ರ ಬರುವುದಿಲ್ಲ.

ನಮ್ಮ ಸ್ತ್ರೀವೇಷದ ಹಾಗೆಯೇ ಅಲ್ಲವೇ ಇದು? ಮತ್ತೆ, ಇಂಥ ಪ್ರೀತಿಯನ್ನು ತೋರಿಸಿ ನಗಿಸುವುದು ಅವರನ್ನು ಗೇಲಿ ಮಾಡಿದ ಹಾಗಾಗುವುದಿಲ್ಲವೇ? — ನಿವೃತ್ತ ಮಾಷ್ಟ್ರು, ಪೆರ್ಲ

ಮಾಷ್ಟ್ರೇ, ಸ್ತ್ರೀವೇಷವನ್ನು ಇಲ್ಲಿಗೆ ತರುವುದು ಬೇಡ. ಅಲ್ಲಿ ಗಂಡಸು ನಮ್ಮ ಕಣ್ಣಿಗೆ ದ್ರೌಪದಿ ಆಗಬೇಕು, ಆಗದಿದ್ದರೆ ವೇಷ ಸೋತಿತು. ಇಲ್ಲಿ ಹರುತ, ಕುರೊಸಾವ ಇಬ್ಬರೂ ಟೈ ಕಟ್ಟಿದ ಗಂಡಸರಾಗಿಯೇ ಪ್ರೀತಿಸುತ್ತಾರೆ.

ನಿಮ್ಮ ಎರಡನೇ ಪ್ರಶ್ನೆ ಒಳ್ಳೆಯದು. ಕುರೊಸಾವ ಆಫೀಸಿನಲ್ಲಿ ಗುಡುಗುವ ಮನುಷ್ಯ. ಹರುತನ ಎದುರು ಒಬ್ಬನೇ ಸಿಕ್ಕರೆ ಧ್ವನಿ ಬೆಣ್ಣೆ. ‘ಹರುತಾನ್’ ಎಂದು ಮುದ್ದಾಗಿ ಕರೆಯುತ್ತಾನೆ, ಬುತ್ತಿ ಕಟ್ಟಿ ತರುತ್ತಾನೆ. ನಾವು ನಗುವುದು ಇಷ್ಟು ದೊಡ್ಡ ಮನುಷ್ಯ ಹತ್ತನೇ ಕ್ಲಾಸಿನ ಹುಡುಗನ ಹಾಗೆ ತೊದಲುವುದಕ್ಕೆ. ಅವನು ಪ್ರೀತಿಸಿದ್ದು ಗಂಡಸನ್ನು ಎಂಬುದಕ್ಕಲ್ಲ. ಅವನ ಹೆಂಡತಿ ಚೋಕೊ ಪಾತ್ರವನ್ನು ಗಮನಿಸಿ. ಗಂಡನ ಮನಸ್ಸು ಕದ್ದವಳು ಯಾರು ಎಂದು ಹುಡುಕುತ್ತಾ ಹೋಗಿ ಅವಳಿಗೆ ಸಿಗುವುದು ಹರುತ. ನೊಂದುಕೊಳ್ಳುತ್ತಾಳೆ, ಆಮೇಲೆ ಅವಳೇ ಗಂಡನಿಗೆ ಧೈರ್ಯ ಹೇಳುತ್ತಾಳೆ. ಗೇಲಿ ಮಾಡುವವನಿಗೆ ಅವಳಂಥ ಪಾತ್ರ ಬರೆಯಲು ಬರುವುದಿಲ್ಲ.

ನನಗೆ ಸರಿ ಕಾಣದ್ದು ಬೇರೆ. ಮೇಲಧಿಕಾರಿ ಕೈಕೆಳಗಿನವನ ಹಿಂದೆ ಬೀಳುವುದು, ಮಾಕಿ ಕೇಳದೆಯೇ ಮುತ್ತು ಕೊಡುವುದು. ಆಫೀಸಿನಲ್ಲಿ ಒಬ್ಬ ಹುಡುಗಿಗೆ ಹೀಗಾಗಿದ್ದರೆ ನಗು ಬರುತ್ತಿತ್ತಾ? ಕೆಲಸದ ಜಾಗದ ಕಿರುಕುಳದ ಬಗ್ಗೆ ನಮ್ಮ 2013ರ ಕಾನೂನು ಇರುವುದು ಹೆಂಗಸರಿಗೆ. ಹರುತ ಇಲ್ಲಿ ಕೆಲಸಕ್ಕಿದ್ದರೆ ಅದರ ಕೆಳಗೆ ದೂರು ಕೊಡಲಿಕ್ಕೂ ಆಗುತ್ತಿರಲಿಲ್ಲ, ಪಾಪ.

ಫೋನಿನಲ್ಲಿ ನೋಡುತ್ತಿದ್ದಾಗ ಅಮ್ಮ ಹಿಂದಿನಿಂದ ಬಂದು ‘ಇದೆಂಥದು, ಇಬ್ಬರೂ ಗಂಡಸರಲ್ವಾ?’ ಎಂದರು. ನಾನು ಪಟ್ಟಂತ ಆಫ್ ಮಾಡಿದೆ. ಈಗ ಇನ್ನೂ ಜಾಸ್ತಿ ಸಂಶಯ. — ಕಾಲೇಜು ವಿದ್ಯಾರ್ಥಿ, ಕಾಸರಗೋಡು

ಆಫ್ ಮಾಡಿದ್ದೇ ಎಡವಟ್ಟು. ‘ಹೌದಮ್ಮಾ, ಇಬ್ಬರೂ ಗಂಡಸರೇ. ಕೂತ್ಕೊಳ್ಳಿ, ತಮಾಷೆ ಉಂಟು’ ಎನ್ನಬೇಕಿತ್ತು.

ಇನ್ನೂ ದಾರಿ ಇದೆ. 2024ರ ಜನವರಿಯಿಂದ ಮಾರ್ಚ್ ತನಕ ‘ರಿಟರ್ನ್ಸ್’ ಎಂಬ ಭಾಗ ಬಂತು. ಅಲ್ಲಿ ಮಾಕಿ ವಾಪಸು. ಹರುತನೂ ಅವನೂ ಹೊಸದಾಗಿ ಸಂಸಾರ ಹೂಡಿದ್ದಾರೆ. ಮನೆಗೆಲಸಕ್ಕೆ ಜನ ಬೇಕೆಂದು ಹೇಳಿಕಳಿಸಿದರೆ ಬಂದು ನಿಲ್ಲುವವನು ಯಾರು? ಹಳೆಯ ಮೇಲಧಿಕಾರಿ ಕುರೊಸಾವ! ಆಮೇಲೆ ಅವನಿಗೂ ಮಾಕಿಗೂ ನಡೆಯುವುದು ಅಪ್ಪಟ ಅತ್ತೆ–ಸೊಸೆ ಜಗಳ. ಸಂಜೆ ಸೀರಿಯಲ್ ನೋಡಿ ಪಳಗಿದ ಅಮ್ಮನಿಗೆ ನೀನು ಏನೂ ವಿವರಿಸಬೇಕಾಗಿಲ್ಲ. ಯಾರ ಪಕ್ಷ ಹಿಡಿಯಬೇಕೆಂದು ಅವರೇ ತೀರ್ಮಾನ ಮಾಡುತ್ತಾರೆ. ನನ್ನ ಅಂದಾಜು, ಕುರೊಸಾವನ ಪಕ್ಷ.

ಕಾಗದದ ಕೊನೆಗೆ ನೀನು ಬರೆದ ಇನ್ನೊಂದು ಮಾತನ್ನು ಇಲ್ಲಿ ಅಚ್ಚು ಹಾಕಿಲ್ಲ. ಅದಕ್ಕೆ ಬೇರೆಯೇ ಕಾಗದ ಬರೆದಿದ್ದೇನೆ, ವಿಳಾಸ ಸರಿ ಇದ್ದರೆ ಈ ವಾರ ಸಿಗುತ್ತದೆ. ಎಲ್ಲರಿಗೂ ಹೇಳಬಹುದಾದ್ದು ಇಷ್ಟು: ನಮ್ಮ ದೇಶದಲ್ಲಿ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಇಂಥ ಪ್ರೀತಿ ಅಪರಾಧ ಅಲ್ಲ. ಅಮ್ಮನಿಗೆ ಯಾವಾಗ ಏನು ಹೇಳಬೇಕು ಎಂಬುದು ನಿನ್ನ ಕೈಯಲ್ಲಿದೆ. ಅವಸರ ಬೇಡ.

ಹಾಗಾದರೆ ಜಪಾನಿನಲ್ಲಿ ಇಬ್ಬರು ಗಂಡಸರಿಗೆ ಮದುವೆ ಆಗಬಹುದಾ? — ಓದುಗ, ಉಪ್ಪಳ

ಕಾನೂನಿನ ಮದುವೆ ಇಲ್ಲ. ಟೋಕಿಯೋದ ಶಿಬುಯ, ಸೆತಗಾಯ ವಾರ್ಡುಗಳು 2015ರಲ್ಲಿ ‘ಇವರಿಬ್ಬರು ಜೊತೆಗಾರರು’ ಎಂದು ಬರೆದುಕೊಡಲು ಶುರು ಮಾಡಿದವು. ಆಮೇಲೆ ಬೇರೆ ಊರುಗಳೂ ಸೇರಿಕೊಂಡವು. ಮದುವೆಗೆ ಅವಕಾಶ ಕೊಡದಿರುವುದು ಸಂವಿಧಾನಕ್ಕೆ ವಿರುದ್ಧ ಎಂದು ಸಪ್ಪೊರೊದ ಕೋರ್ಟು 2021ರಲ್ಲಿ ಹೇಳಿತು. ನಮ್ಮಲ್ಲಿ 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅಂಥ ಮದುವೆಗೆ ಮಾನ್ಯತೆ ಕೊಡಲಿಲ್ಲ, ಅದು ಸಂಸತ್ತಿನ ಕೆಲಸ ಎಂದಿತು. ಹರುತ–ಮಾಕಿಯ ಸಂಸಾರವೂ ಕಾನೂನಿನ ಮದುವೆ ಅಲ್ಲ.

ಇದನ್ನೆಲ್ಲ ಬರೆಯುವವರು, ನೋಡುವವರು ಹೆಂಗಸರೇ ಅಂತೆ. ಹೌದಾ? — ಓದುಗಿ, ಮುಳ್ಳೇರಿಯ

ಬಹಳ ಮಟ್ಟಿಗೆ ಹೌದು. 1970ರ ದಶಕದಲ್ಲಿ ಹುಡುಗಿಯರಿಗೆಂದು ಬರುತ್ತಿದ್ದ ಮಾಂಗಾಗಳಲ್ಲಿ, ಅಂದರೆ ಜಪಾನಿ ಕಾಮಿಕ್ಸ್ ಪುಸ್ತಕಗಳಲ್ಲಿ, ಹೆಣ್ಣು ಕಲಾವಿದೆಯರ ಕೈಯಿಂದಲೇ ಈ ಬಗೆ ಬೆಳೆದದ್ದು. ಆದರೆ ನಾವು ಮಾತಾಡುತ್ತಿರುವ ಧಾರಾವಾಹಿ ಮಾಂಗಾದಿಂದ ಬಂದದ್ದಲ್ಲ, ಟಿವಿಗೆಂದೇ ಬರೆದದ್ದು. ಮತ್ತೆ, ಪೆರ್ಲದ ಮಾಷ್ಟ್ರೂ ನೋಡಿದ್ದಾರೆ. ಮೇಲೆ ಓದಿ.

ಇಂಗ್ಲಿಷ್ ಸಬ್‌ಟೈಟಲ್ ಓದಿ ಮುಗಿಯುವಾಗ ಸೀನೇ ಹೋಗಿರುತ್ತದೆ. ಕನ್ನಡದಲ್ಲಿ ಯಾಕಿಲ್ಲ? — ಓದುಗಿ, ಅಡೂರು

ಕೇರಳದಲ್ಲಿ ಕೂತು ಕನ್ನಡದಲ್ಲಿ ಯಾಕಿಲ್ಲ ಎಂದು ಕೇಳುವುದು ನಮಗೆ ಹುಟ್ಟಿನಿಂದ ಅಭ್ಯಾಸ ಅಲ್ವಾ! ಬಸ್ಸಿನ ಬೋರ್ಡಿನಿಂದ ಹಿಡಿದು ಅರ್ಜಿ ಫಾರಂ ತನಕ ಕೇಳಿದ್ದಾಯಿತು, ಇದನ್ನೂ ಕೇಳೋಣ. ಅಲ್ಲಿಯ ತನಕ ನಿಲ್ಲಿಸಿ ನಿಲ್ಲಿಸಿ ನೋಡಿ. ಕುರೊಸಾವ ಬರುವ ಕಡೆ ಅಕ್ಷರ ಓದಲೇ ಬೇಡಿ, ಅವನ ಹುಬ್ಬು ನೋಡಿದರೆ ಸಾಕು.

ಯಾವುದರಿಂದ ಶುರು ಮಾಡಲಿ? ಸಮಯ ಕಡಿಮೆ ಇದೆ. — ಓದುಗ, ಬದಿಯಡ್ಕ

2018ರ ಏಳು ಕಂತು, ಆಮೇಲೆ 2019ರ ಸಿನಿಮಾ, ಆಮೇಲೆ 2024ರ ಒಂಬತ್ತು ಕಂತು. ಇದು ಒಂದೇ ಕಥೆ. ‘ಇನ್ ದ ಸ್ಕೈ’ಯನ್ನು ಇದರ ನಡುವೆ ತುರುಕಬೇಡಿ. ಮಾಕಿಯ ಮೇಲಿನ ಮೋಹ ಸ್ವಲ್ಪ ಆರಿದ ಮೇಲೆ ಬೇರೆಯಾಗಿ ನೋಡಿ, ಆಗ ನಾರುಸೆಯೂ ಇಷ್ಟವಾಗುತ್ತಾನೆ. ಹಾಂಗ್‌ಕಾಂಗಿನವರು 2021ರಲ್ಲಿ ಇದೇ ಕಥೆಯನ್ನು ತಮ್ಮ ಊರಿಗೆ ಒಗ್ಗಿಸಿ ಮಾಡಿದ್ದಾರೆ. ಸಮಯ ಕಡಿಮೆ ಇರುವವರಿಗೆ ಅದು ಸದ್ಯ ಬೇಡ.

ಮುಂದಿನ ಸಂಚಿಕೆಗೆ ದಯವಿಟ್ಟು ಬೇರೆ ಪ್ರಶ್ನೆ ಕಳಿಸಿ. ಮಲ್ಲಿಗೆ ಗಿಡಕ್ಕೆ ಹುಳ ಬಿದ್ದಿದೆ ಎಂದು ಬರೆದ ನೀರ್ಚಾಲಿನವರು ಇನ್ನೂ ಉತ್ತರಕ್ಕೆ ಕಾಯುತ್ತಾ ಇದ್ದಾರೆ.