ಆ ಗುಲಾಬಿ ಕಾಗದವನ್ನು ಮಡಚಿಡಬೇಡಿ

ಪ್ರಶ್ನೆ: ನನ್ನ ಮಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಎಚ್‌-1ಬಿ ವೀಸಾದಲ್ಲಿ ಕೆಲಸದಲ್ಲಿದ್ದಾನೆ. ಕಳೆದ ಶನಿವಾರ ರಾತ್ರಿ ಸ್ನೇಹಿತರ ಮನೆಯಲ್ಲಿ ಊಟ ಮುಗಿಸಿ ಕಾರಿನಲ್ಲಿ ಬರುವಾಗ ಪೊಲೀಸರು ಹಿಡಿದರಂತೆ. ಉಸಿರಿನ ಪರೀಕ್ಷೆಯಲ್ಲಿ 0.11 ಬಂದಿದೆ. ಲೈಸೆನ್ಸ್ ತೆಗೆದುಕೊಂಡು ಒಂದು ಗುಲಾಬಿ ಬಣ್ಣದ ಕಾಗದ ಕೊಟ್ಟಿದ್ದಾರೆ. ಕೋರ್ಟಿಗೆ ಬರಹೇಳಿರುವುದು ಮುಂದಿನ ತಿಂಗಳು, ಅಲ್ಲಿಯವರೆಗೆ ಮಾಡುವುದೇನೂ ಇಲ್ಲ ಎನ್ನುತ್ತಾನೆ. ಮೂರು ತಿಂಗಳಲ್ಲಿ ಅವನ ತಂಗಿಯ ಮದುವೆ, ಅವನು ಊರಿಗೆ ಬರಲೇಬೇಕು. ಇದು ದಾಖಲೆಯಲ್ಲಿ ಎಷ್ಟು ವರ್ಷ ಉಳಿಯುತ್ತದೆ? ನಾಳೆ ಅವನಿಗೆ ಹೆಣ್ಣು ಕೊಡುವವರು ತೆಗೆಸಿ ನೋಡಬಹುದೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ತಾಯಿ, ನಿಮ್ಮ ಪತ್ರ ಕೈಸೇರಿದಾಗ ಮಗನ ಬಂಧನವಾಗಿ ಐದು ದಿನ ಕಳೆದಿತ್ತು. ಅಂಕಣ ಪ್ರಕಟವಾಗುವವರೆಗೆ ಕಾಯಲು ಮನಸ್ಸು ಒಪ್ಪದೆ ಅಂದೇ ನಿಮಗೆ ಉತ್ತರಿಸಿದೆ. ಇದೇ ಸಂಕಟದಲ್ಲಿರುವ ಬೇರೆ ಮನೆಗಳಿಗಾಗಿ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಕೋರ್ಟಿನ ದಿನದವರೆಗೆ ಮಾಡುವುದೇನೂ ಇಲ್ಲ ಎಂಬ ಮಾತೇ ಅಪಾಯದ್ದು. ಆ ಗುಲಾಬಿ ಕಾಗದ ಲೈಸೆನ್ಸ್ ಅಮಾನತಿನ ಆದೇಶ. 30 ದಿನಗಳ ಮಟ್ಟಿಗೆ ಅದೇ ತಾತ್ಕಾಲಿಕ ಲೈಸೆನ್ಸ್ ಕೂಡ. ಅದು ಕೈಗೆ ಬಂದ 10 ದಿನಗಳೊಳಗೆ ಡಿಎಂವಿಗೆ, ಅಂದರೆ ಆ ರಾಜ್ಯದ ಮೋಟಾರು ವಾಹನ ಇಲಾಖೆಗೆ, ವಿಚಾರಣೆ ಬೇಕೆಂದು ತಿಳಿಸಬೇಕು. ತಿಳಿಸದಿದ್ದರೆ 30 ದಿನ ಮುಗಿದೊಡನೆ ಅಮಾನತು ತಾನಾಗಿ ಜಾರಿಯಾಗುತ್ತದೆ. ಮೊದಲ ಬಾರಿ ಸಿಕ್ಕಿಬಿದ್ದವರಿಗೆ ನಾಲ್ಕು ತಿಂಗಳು. ಬಂಧನದ ನಂತರದ ಪರೀಕ್ಷೆಯನ್ನೇ ನಿರಾಕರಿಸಿದ್ದರೆ ಒಂದು ವರ್ಷ. ಒಬ್ಬ ಹುಡುಗ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡಿದ್ದ. ನನ್ನ ಮೇಜಿನ ಮೇಲೆ ಅದನ್ನು ಬಿಡಿಸಿಟ್ಟಾಗ ಹದಿಮೂರನೆಯ ದಿನ. ಗಡುವಿನ ಸಾಲು ಸರಿಯಾಗಿ ಮಡಿಕೆಯ ಗೆರೆಯ ಮೇಲೆಯೇ ಇತ್ತು, ಅವನು ಓದಿಯೇ ಇರಲಿಲ್ಲ. ಆ ಮುಖವನ್ನು ನಾನು ಮರೆತಿಲ್ಲ.

ಡಿಎಂವಿಯ ವಿಚಾರಣೆ ಬೇರೆ, ಕೋರ್ಟಿನ ಮೊಕದ್ದಮೆ ಬೇರೆ. ಒಂದು ಕಡೆ ಪ್ರಕರಣ ಹಗುರವಾದರೆ ಇನ್ನೊಂದು ಕಡೆಯದು ತಾನಾಗಿ ಬಿದ್ದುಹೋಗುವುದಿಲ್ಲ. 0.11 ಎಂದರೆ 100 ಮಿಲಿಲೀಟರ್ ರಕ್ತದಲ್ಲಿ 110 ಮಿಲಿಗ್ರಾಂ ಮದ್ಯಸಾರ. ಅಲ್ಲಿನ ಮಿತಿ 80, ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್‌ನ ಮಿತಿ 30. ಆ ರಾತ್ರಿ ಅವನ ಕಾರಿಗೆ ಯಾರೂ ಅಡ್ಡ ಬರಲಿಲ್ಲವಲ್ಲ, ಅದೇ ದೊಡ್ಡ ಪುಣ್ಯ. ಮೊದಲ ಅಪರಾಧಕ್ಕೆ ಮೂಲ ದಂಡ 390ರಿಂದ 1,000 ಡಾಲರ್, ಮೇಲಿನ ಶುಲ್ಕಗಳು ಸೇರಿ ಅದು ಹಲವು ಪಟ್ಟಾಗುತ್ತದೆ. ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಮೂರರಿಂದ ಐದು ವರ್ಷಗಳ ಪ್ರೊಬೇಷನ್ (ಕೋರ್ಟಿನ ಷರತ್ತುಗಳಿಗೆ ಒಳಪಟ್ಟು ಕಳೆಯಬೇಕಾದ ಅವಧಿ), ಕಡ್ಡಾಯ ತರಗತಿಗಳು, ದುಬಾರಿಯಾಗುವ ವಿಮೆ ಇವೆಲ್ಲ ಬೆನ್ನಿಗಿರುತ್ತವೆ.

ಆದರೆ ನಿಮ್ಮ ಮನೆಯ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡದು ವೀಸಾ. ಕುಡಿದು ಓಡಿಸಿದ ಆರೋಪದಲ್ಲಿ ಬಂಧನವಾದರೆ ಸಾಕು, ತೀರ್ಪು ಬರುವ ಮೊದಲೇ ಪಾಸ್‌ಪೋರ್ಟಿನಲ್ಲಿರುವ ವೀಸಾವನ್ನು ರದ್ದು ಮಾಡುವ ಅಧಿಕಾರ ಅಮೆರಿಕದ ವಿದೇಶಾಂಗ ಇಲಾಖೆಗಿದೆ. 2015ರ ನವೆಂಬರ್‌ನಿಂದ ಈ ಪದ್ಧತಿ ನಡೆದುಬಂದಿದೆ. ಹಾಗೆ ರದ್ದಾದರೂ ಅಲ್ಲಿದ್ದು ಕೆಲಸ ಮಾಡುವ ಸ್ಥಾನಮಾನ ಅಷ್ಟಕ್ಕೇ ಹೋಗುವುದಿಲ್ಲ. ದೇಶ ಬಿಟ್ಟು ಹೊರಟರೆ ಮಾತ್ರ ಹೊಸ ವೀಸಾ ಇಲ್ಲದೆ ಹಿಂದಿರುಗಲಾಗದು. ಅರ್ಜಿಯಲ್ಲಿ ಎಂದಾದರೂ ಬಂಧನವಾಗಿತ್ತೇ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಹೌದು ಎಂದೇ ಬರೆಯಬೇಕು. ಕಳೆದ ಐದು ವರ್ಷಗಳಲ್ಲಿ ಇಂಥ ಒಂದು ಬಂಧನವಿದ್ದರೂ ದೂತಾವಾಸ ತಾನು ಗೊತ್ತುಮಾಡಿದ ವೈದ್ಯರ ಬಳಿಗೆ ತಪಾಸಣೆಗೆ ಕಳುಹಿಸುತ್ತದೆ. ಇದಕ್ಕೆಲ್ಲ ವಾರಗಳು ಹಿಡಿಯುತ್ತವೆ. ಎರಡು ವಾರದ ರಜೆ ಹಾಕಿ ಮದುವೆಗೆ ಬಂದವನು ತಿಂಗಳುಗಟ್ಟಲೆ ಶಿವಮೊಗ್ಗದಲ್ಲೇ ಉಳಿಯುವಂತಾಗಬಹುದು. ಟಿಕೆಟ್ ಕೊಳ್ಳುವ ಮೊದಲು ವಲಸೆ ಕಾನೂನು ಬಲ್ಲ ವಕೀಲರನ್ನು ಅವನು ಕಾಣಲೇಬೇಕು. ಕ್ರಿಮಿನಲ್ ವಕೀಲರೊಬ್ಬರೇ ಸಾಕಾಗುವುದಿಲ್ಲ. ತಪ್ಪೊಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮುನ್ನ ಈ ಇಬ್ಬರೂ ಪರಸ್ಪರ ಮಾತನಾಡಿಕೊಂಡಿರಲಿ.

ಇನ್ನು ದಾಖಲೆ. ಶಿಕ್ಷೆಯಾದರೆ ಕ್ಯಾಲಿಫೋರ್ನಿಯಾ ಡಿಎಂವಿಯ ಚಾಲನಾ ದಾಖಲೆಯಲ್ಲಿ ಅದು 10 ವರ್ಷ ಇರುತ್ತದೆ. ಪ್ರೊಬೇಷನ್ ಮುಗಿದ ಮೇಲೆ ಕೋರ್ಟಿನಿಂದ ಶಿಕ್ಷೆಯನ್ನು ತೆರವು ಮಾಡಿಸಿಕೊಂಡರೂ ಡಿಎಂವಿಯ ಪುಟದಿಂದ ಅದು ಅಳಿಯುವುದಿಲ್ಲ, ವೀಸಾ ಅರ್ಜಿಯ ಆ ಪ್ರಶ್ನೆಗೂ ಉತ್ತರ ಬದಲಾಗುವುದಿಲ್ಲ. ತನ್ನ ದಾಖಲೆಯನ್ನು ಅವನು ಡಿಎಂವಿ ಜಾಲತಾಣದಲ್ಲಿ 2 ಡಾಲರ್ ಕಟ್ಟಿ ಕೂಡಲೇ ಮುದ್ರಿಸಿಕೊಳ್ಳಬಹುದು. ಅಂಚೆಯಲ್ಲಿ ತರಿಸುವುದಾದರೆ ಐಎನ್‌ಎಫ್ 1125 ಎಂಬ ನಮೂನೆ ತುಂಬಿ 5 ಡಾಲರ್ ಕಳುಹಿಸಬೇಕು. ಈಗಲೇ ಒಂದು ಪ್ರತಿ ತೆಗೆದಿಡಲಿ, ಪ್ರಕರಣ ಮುಗಿದ ಮೇಲೆ ಇನ್ನೊಂದು ತೆಗೆದು ಎರಡನ್ನೂ ಹೋಲಿಸಿ ನೋಡಲಿ. ತಪ್ಪು ನಮೂದುಗಳು ಬೀಳುವುದುಂಟು.

ಹೆಣ್ಣು ಕೊಡುವವರ ಮಾತು. 1989ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರೆಬೆಕಾ ಶೇಫರ್ ಎಂಬ ನಟಿಯ ಕೊಲೆಯಾಯಿತು. ಕೊಂದವನು ಆಕೆಯ ವಿಳಾಸವನ್ನು ಖಾಸಗಿ ಪತ್ತೇದಾರನೊಬ್ಬನ ಮೂಲಕ ಡಿಎಂವಿ ದಾಖಲೆಯಿಂದಲೇ ಪಡೆದಿದ್ದ. ನಂತರ, 1994ರಲ್ಲಿ, ಚಾಲಕರ ವೈಯಕ್ತಿಕ ಮಾಹಿತಿಯನ್ನು ಕಂಡಕಂಡವರಿಗೆ ಕೊಡಬಾರದೆಂದು ಇಡೀ ಅಮೆರಿಕಕ್ಕೆ ಅನ್ವಯಿಸುವ ಫೆಡರಲ್ ಕಾನೂನು ಬಂತು. ಆದ್ದರಿಂದ ಬೀಗರಾಗುವವರು ಕೇಳಿದ ಮಾತ್ರಕ್ಕೆ ಡಿಎಂವಿ ಕೊಡುವುದಿಲ್ಲ, ನೀವು ಕೇಳಿದರೂ ಕೊಡುವುದಿಲ್ಲ. ಆದರೆ ಕೋರ್ಟಿನ ಕಡತ ಸಾರ್ವಜನಿಕವಾದದ್ದು, ಯಾರು ಬೇಕಾದರೂ ಹುಡುಕಬಹುದು. ಮುಚ್ಚಿಡುವ ಯೋಚನೆ ಬಿಡಿ ತಾಯಿ. ಹುಡುಗಿಯ ಕಡೆಯವರಿಗೆ ಅವನ ಬಾಯಿಂದಲೇ ಮೊದಲು ತಿಳಿಯಲಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಅಮಾನತಾಗಿದೆ. ಕೆಲಸ ಟೆಕ್ಸಾಸ್‌ಗೆ ಬದಲಾಗಿದೆ. ಇಲ್ಲಿ ಹೊಸ ಲೈಸೆನ್ಸ್ ಮಾಡಿಸಿಕೊಳ್ಳಬಹುದೇ?
– ಓದುಗರೊಬ್ಬರು, ಆಸ್ಟಿನ್

ಉತ್ತರ: ಆಗುವುದಿಲ್ಲ. ರಾಷ್ಟ್ರೀಯ ಚಾಲಕರ ನೋಂದಣಿ ಎಂಬ ವ್ಯವಸ್ಥೆಯಿದೆ. ಯಾವುದೇ ರಾಜ್ಯದಲ್ಲಿ ಅಮಾನತಾದವರ ಹೆಸರು ಅಲ್ಲಿ ಸಿಗುತ್ತದೆ, ಹೊಸ ಲೈಸೆನ್ಸ್ ಕೊಡುವ ಮುನ್ನ ಅದನ್ನು ನೋಡುತ್ತಾರೆ. ಮೇಲಾಗಿ ಎರಡೂ ರಾಜ್ಯಗಳು ಚಾಲಕರ ಶಿಕ್ಷೆಯ ವಿವರಗಳನ್ನು ಹಂಚಿಕೊಳ್ಳುವ ಒಪ್ಪಂದದಲ್ಲಿವೆ. ಕ್ಯಾಲಿಫೋರ್ನಿಯಾದ ಬಾಕಿಗಳನ್ನು ಅಲ್ಲಿಯೇ ತೀರಿಸಿ, ಅಮಾನತು ತೆರವಾಯಿತೆಂದು ತೋರಿಸುವ ಚಾಲನಾ ದಾಖಲೆಯನ್ನು ಮುದ್ರಿಸಿಕೊಳ್ಳಿ. ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಕೊಡುವುದು ಡಿಎಂವಿ ಅಲ್ಲ, ಸಾರ್ವಜನಿಕ ಸುರಕ್ಷತಾ ಇಲಾಖೆ. ಅಲ್ಲಿಗೆ ಆ ಪ್ರತಿಯನ್ನು ಕೊಂಡೊಯ್ಯಿರಿ. ಅಲ್ಲಿಯವರೆಗೆ ಸ್ಟಿಯರಿಂಗ್ ಮುಟ್ಟಬೇಡಿ. ಅಮಾನತಿನಲ್ಲಿದ್ದಾಗ ವಾಹನ ಓಡಿಸುವುದು ಇನ್ನೊಂದು ಅಪರಾಧ.