ಬೋಲ್ಟ್ ಮುಚ್ಚಿಕೊಂಡರೆ ತೋಟಾ ಸರಿಯಿದೆ ಎಂದಲ್ಲ

ಬೇಟೆಯ ಕಾಲ ಹತ್ತಿರವಾದಂತೆ ಅಮೆರಿಕದಲ್ಲಿರುವ ಕನ್ನಡಿಗ ಓದುಗರಿಂದ ಹಳೆಯ ಕಸ್ಟಮ್ ರೈಫಲ್‌ಗಳ ಬಗ್ಗೆ ಪತ್ರಗಳು ಬರತೊಡಗುತ್ತವೆ. ಅವುಗಳಲ್ಲಿ ಹೆಚ್ಚಿನವು ಒಂದೇ ತಪ್ಪು ನಂಬಿಕೆಯ ಮೇಲೆ ನಿಂತಿರುವುದರಿಂದ, ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ಕೊಲೊರಾಡೋದ ನಮ್ಮೂರಿನ ಅಂಗಡಿಯಲ್ಲಿ ಮೌಸರ್ 98 ಆಕ್ಷನ್ (ತೋಟಾವನ್ನು ಒಳಗೆ ಕೂರಿಸಿ ಹಾರಿಸುವ ಯಂತ್ರಭಾಗ) ಮೇಲೆ ಯಾರೋ ಕಟ್ಟಿಸಿಕೊಂಡಿದ್ದ ಬೋಲ್ಟ್ ಆಕ್ಷನ್ ರೈಫಲ್ ಮಾರಾಟಕ್ಕಿದೆ. ವಾಲ್‌ನಟ್ ಮರದ ಸ್ಟಾಕ್ ಬಹಳ ಚೆನ್ನಾಗಿದೆ. ಬ್ಯಾರೆಲ್ ಮೇಲೆ ‘7ಎಂಎಂ’ ಎಂದಷ್ಟೇ ಕೊರೆದಿದೆ. ಅಂಗಡಿಯವರು 7×57 ತೋಟಾ ಹಾಕಿ, ಬೋಲ್ಟ್ (ಬ್ಯಾರೆಲ್‌ನ ಹಿಂಬದಿ ಮುಚ್ಚುವ ಉಕ್ಕಿನ ದಂಡ) ಸಲೀಸಾಗಿ ಮುಚ್ಚಿಕೊಳ್ಳುವುದನ್ನು ತೋರಿಸಿದರು. ಕೊಳ್ಳಬಹುದೇ?

ಉತ್ತರ: ಕೊಳ್ಳುವುದು ಆಮೇಲಿನ ಮಾತು. ಆ ರೈಫಲ್‌ನಲ್ಲಿ ಯಾವ ತೋಟಾ ಹಾರಿಸಬೇಕೆಂಬುದು ನಿಮಗೂ ಗೊತ್ತಿಲ್ಲ, ಅಂಗಡಿಯವರಿಗೂ ಗೊತ್ತಿಲ್ಲ. ಬೋಲ್ಟ್ ಮುಚ್ಚಿ ತೋರಿಸಿದವರು ನಿಮಗೆ ಏನನ್ನೂ ರುಜುವಾತು ಮಾಡಿ ತೋರಿಸಿಲ್ಲ.

‘7ಎಂಎಂ’ ಎಂಬುದು ಗುಂಡಿನ ಅಳತೆಯೇ ಹೊರತು ತೋಟಾದ ಹೆಸರಲ್ಲ. 0.284 ಇಂಚು ವ್ಯಾಸದ ಅದೇ ಗುಂಡನ್ನು 1892ರ 7×57 ಮೌಸರ್, ಜರ್ಮನಿಯ 7×64, 1957ರ .280 ರೆಮಿಂಗ್ಟನ್, 1962ರ 7ಎಂಎಂ ರೆಮಿಂಗ್ಟನ್ ಮ್ಯಾಗ್ನಮ್, 1980ರ 7ಎಂಎಂ-08 ಎಲ್ಲವೂ ಹಾರಿಸುತ್ತವೆ. ರೆಮಿಂಗ್ಟನ್ ಕಂಪನಿ 1979ರಲ್ಲಿ .280ರ ಹೆಸರನ್ನು ‘7ಎಂಎಂ ಎಕ್ಸ್‌ಪ್ರೆಸ್’ ಎಂದು ಬದಲಾಯಿಸಿತು. ಜನ ಅದನ್ನು ಮ್ಯಾಗ್ನಮ್ ಎಂದೇ ತಿಳಿಯತೊಡಗಿದ್ದರಿಂದ ಹಳೆಯ ಹೆಸರಿಗೇ ಮರಳಬೇಕಾಯಿತು. ಇಷ್ಟು ಸಾಲದೆಂಬಂತೆ, ಮೊದಲು 7×57 ಇದ್ದ ಚೇಂಬರನ್ನು (ಬ್ಯಾರೆಲ್‌ನ ಹಿಂತುದಿಯಲ್ಲಿ ತೋಟಾ ಕೂರುವ ಗೂಡು) ಆಮೇಲೆ ಕೊರೆದು ದೊಡ್ಡದು ಮಾಡಿ, ಬ್ಯಾರೆಲ್ ಮೇಲಿನ ಬರಹವನ್ನು ಹಾಗೆಯೇ ಬಿಟ್ಟ ರೈಫಲ್‌ಗಳೂ ಮಾರುಕಟ್ಟೆಯಲ್ಲಿವೆ.

ಮ್ಯಾಗ್ನಮ್ ತೋಟಾದ ತಳ ದಪ್ಪವಾದ್ದರಿಂದ ಬೋಲ್ಟ್‌ನ ಮುಖ ನೋಡಿಯೇ ಅದನ್ನು ಬೇರ್ಪಡಿಸಬಹುದು. ಉಳಿದವುಗಳ ತಳದ ಅಂಚು ಹೆಚ್ಚುಕಡಿಮೆ ಒಂದೇ, ಸುಮಾರು 12 ಮಿ.ಮೀ. ಆದ್ದರಿಂದ ಮೌಸರ್‌ನ ಎಕ್ಸ್‌ಟ್ರಾಕ್ಟರ್ (ತೋಟಾದ ತಳ ಹಿಡಿದು ಹೊರಗೆಳೆಯುವ ಕೊಕ್ಕೆ) ಅವುಗಳಲ್ಲಿ ಯಾವುದನ್ನಾದರೂ ಒಂದೇ ರೀತಿ ಹಿಡಿದುಕೊಳ್ಳುತ್ತದೆ. ಕಷ್ಟ ಶುರುವಾಗುವುದು ಇಲ್ಲಿಯೇ. 98ರ ಅಗಲವಾದ ಎಕ್ಸ್‌ಟ್ರಾಕ್ಟರ್ ತೋಟಾ ಮ್ಯಾಗಜೀನ್‌ನಿಂದ ಮೇಲೆ ಬರುವಾಗಲೇ ಅದರ ಅಂಚನ್ನು ಹಿಡಿಯುವುದರಿಂದ, ಚೇಂಬರಿಗಿಂತ ಗಿಡ್ಡವಾದ ತೋಟಾ ಕೂಡ ಮುಂದಕ್ಕೆ ಜಾರಿ ಬೀಳದೆ ಬೋಲ್ಟ್‌ನ ಮುಖಕ್ಕೆ ಅಂಟಿಕೊಂಡಂತೆಯೇ ಇರುತ್ತದೆ, ಬೋಲ್ಟ್ ಸಲೀಸಾಗಿ ಮುಚ್ಚಿಕೊಳ್ಳುತ್ತದೆ, ಕುದುರೆ (ಟ್ರಿಗರ್) ಎಳೆದರೆ ಪಿನ್ನು ಪ್ರೈಮರಿಗೆ (ತೋಟಾದ ಬುಡದಲ್ಲಿರುವ ಕಿಡಿಮದ್ದು) ತಗುಲಿ ಗುಂಡು ಹಾರಿಯೂ ಹಾರುತ್ತದೆ. .280ರ ಚೇಂಬರಿನಲ್ಲಿ 7×57 ತೋಟಾದ ಮುಂಭಾಗಕ್ಕೆ ಯಾವ ಆಸರೆಯೂ ಇರುವುದಿಲ್ಲ. ಆಗ ಹಿತ್ತಾಳೆ ಕೇಸಿನ ಭುಜ (ಕತ್ತಿನ ಕಡೆಗೆ ಕಿರಿದಾಗುವ ಜಾಗ) ಸೀಳಬಹುದು. ಇಲ್ಲವೇ ಕೇಸಿನ ಗೋಡೆ ಚೇಂಬರಿಗೆ ಕಚ್ಚಿಕೊಂಡು ಬುಡ ಹಿಂದಕ್ಕೆ ಎಳೆದು, ಬುಡದ ಸ್ವಲ್ಪ ಮೇಲೆ ಲೋಹ ತೆಳುವಾಗಿ ಹರಿಯಬಹುದು. ಹರಿದಾಗ ಚದರ ಇಂಚಿಗೆ 50,000 ಪೌಂಡ್ ಒತ್ತಡದ ಅನಿಲ ಹಿಂದಕ್ಕೆ ಹೊರಡುತ್ತದೆ, ಹಿಂದೆ ಇರುವುದು ನಿಮ್ಮ ಮುಖ. .270 ವಿಂಚೆಸ್ಟರ್ ತೋಟಾ ಕೂಡ .280ರ ಚೇಂಬರಿನೊಳಗೆ ಯಾವ ತಡೆಯೂ ಇಲ್ಲದೆ ಇಳಿಯುತ್ತದೆ, ಅದರ ಭುಜ 0.050 ಇಂಚು ಹಿಂದಿದೆ ಎಂಬುದು ಕೈಗೆ ಗೊತ್ತಾಗುವುದೇ ಇಲ್ಲ.

ಆದ್ದರಿಂದ ಮೊದಲು ಚೇಂಬರಿನ ಅಚ್ಚು ತೆಗೆಯಿಸಿ. ಸೆರೋಸೇಫ್ ಎಂಬ ಮಿಶ್ರಲೋಹ 70ರಿಂದ 88 ಡಿಗ್ರಿ ಸೆಲ್ಸಿಯಸ್‌ನೊಳಗೆ, ಅಂದರೆ ಕುದಿಯುವ ನೀರಿಗಿಂತ ಕಡಿಮೆ ಬಿಸಿಯಲ್ಲೇ ಕರಗುತ್ತದೆ. ಬ್ಯಾರೆಲ್‌ನಲ್ಲಿ ರೈಫ್ಲಿಂಗ್ (ಒಳಗಿನ ಸುರುಳಿ ಗೀರುಗಳು) ಶುರುವಾಗುವ ಜಾಗಕ್ಕಿಂತ ತುಸು ಮುಂದೆ ಬಟ್ಟೆಯ ಬಿರಟೆ ಇಟ್ಟು, ಶುಚಿಯಾದ ಚೇಂಬರಿಗೆ ಈ ಲೋಹವನ್ನು ಸುರಿದರೆ, ಅದು ಗಟ್ಟಿಯಾಗುವಾಗ ಮೊದಲು ಕುಗ್ಗಿ ಸುಲಭವಾಗಿ ಹೊರಬರುತ್ತದೆ, ಅನಂತರ ನಿಧಾನವಾಗಿ ಹಿಗ್ಗುತ್ತದೆ. ಸುಮಾರು ಒಂದು ಗಂಟೆಗೆ ಚೇಂಬರಿನ ನಿಜವಾದ ಅಳತೆಗೆ ಬರುತ್ತದೆ, ಮೈಕ್ರೋಮೀಟರ್ ಹಿಡಿಯಬೇಕಾದದ್ದು ಆಗಲೇ. ಮಾರನೆಯ ದಿನ ಅಳೆದರೆ ಅದು ಇನ್ನೂ ಹಿಗ್ಗಿ ತಪ್ಪು ಅಂಕಿ ಕೊಡುತ್ತದೆ. ಉದ್ದ, ಭುಜದ ಜಾಗ, ಕತ್ತಿನ ವ್ಯಾಸ ಈ ಮೂರು ಸಿಕ್ಕರೆ ತೋಟಾದ ಹೆಸರು ತಾನಾಗಿ ತಿಳಿಯುತ್ತದೆ. ಇದರಲ್ಲಿ ಸೀಸ, ಕ್ಯಾಡ್ಮಿಯಂ ಇವೆ, ಅಡುಗೆಮನೆಯ ಪಾತ್ರೆಯಲ್ಲಿ ಕರಗಿಸಬೇಡಿ.

ಅಚ್ಚಿನ ಅಳತೆ ಒಂದು ಪ್ರಮಾಣಿತ ತೋಟಾಕ್ಕೆ ಹೊಂದಿದರೆ, ಅದೇ ತೋಟಾದ ಹೆಡ್‌ಸ್ಪೇಸ್ ಗೇಜ್ (ಮುಚ್ಚಿದ ಬೋಲ್ಟ್‌ಗೂ ಚೇಂಬರಿನಲ್ಲಿ ತೋಟಾ ಆತುಕೊಳ್ಳುವ ಜಾಗಕ್ಕೂ ನಡುವಿನ ದೂರ ನೋಡುವ ಅಳತೆಯ ತುಂಡು) ಹಾಕಿಸಿ. ಎಕ್ಸ್‌ಟ್ರಾಕ್ಟರ್ ಮತ್ತು ಪಿನ್ನು ಬಿಚ್ಚಿದ ಬೋಲ್ಟ್ ‘ಗೋ’ ಗೇಜ್ ಮೇಲೆ ಬೆರಳಿನ ಒತ್ತಡಕ್ಕೇ ಮುಚ್ಚಬೇಕು, ‘ನೋ ಗೋ’ ಮೇಲೆ ಮುಚ್ಚಬಾರದು. ಎರಡರ ನಡುವಿನ ವ್ಯತ್ಯಾಸ ಸುಮಾರು 0.15 ಮಿ.ಮೀ., ಕಣ್ಣಂದಾಜಿಗೆ ಸಿಗುವಂಥದ್ದಲ್ಲ. ಬೋಲ್ಟ್ ಮುಚ್ಚಿದ ಮೇಲೆ ಎತ್ತುವಾಗ ನಡುವೆ ಎಲ್ಲೋ ಹತ್ತಿದಂತಾದರೆ, ಹಿಂದಿನವರು ಹೆಚ್ಚು ಮದ್ದು ತುಂಬಿ ಹೊಡೆದು ರಿಸೀವರಿನ (ಬೋಲ್ಟ್ ಓಡಾಡುವ ಚೌಕಟ್ಟು) ಒಳಗೆ ಲಗ್ (ಬೋಲ್ಟನ್ನು ಬಂಧಿಸುವ ಗೂಟ) ಕೂರುವ ಜಾಗದಲ್ಲಿ ತಗ್ಗು ಬೀಳಿಸಿರಬಹುದು. ಮೌಸರ್ 98ರ ಉಕ್ಕು ಮೇಲ್ಪದರದಲ್ಲಿ ಮಾತ್ರ ಗಟ್ಟಿ, ಒಳಗೆ ಮೃದು. ಅಂಥ ರೈಫಲ್ ನನಗೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ.

ಆಕ್ಷನ್ 98 ಹೌದೇ ಎಂಬುದನ್ನೂ ನೋಡಿ. 98ರಲ್ಲಿ ಬೋಲ್ಟ್ ಎತ್ತುವಾಗ ಸ್ಪ್ರಿಂಗ್ ಏರುತ್ತದೆ, ಹಿಂದೆ ಮೂರನೆಯ ಲಗ್ ಇರುತ್ತದೆ. 1893 ಮತ್ತು 1895ರ ಹಳೆಯ ಮೌಸರ್‌ಗಳಲ್ಲಿ ಬೋಲ್ಟನ್ನು ಮುಂದಕ್ಕೆ ತಳ್ಳುವಾಗ ಏರುತ್ತದೆ, ಆ ಮೂರನೆಯ ಲಗ್ ಇಲ್ಲ. ಅವುಗಳಿಗಾಗಿಯೇ ಅಮೆರಿಕದ ಕಾರ್ಖಾನೆಗಳ 7×57 ತೋಟಾದ ಒತ್ತಡವನ್ನು 51,000 ಪೌಂಡ್‌ಗೆ ಇಳಿಸಿದ್ದಾರೆ, .280ರದು 60,000. ಹಳೆಯ ಆಕ್ಷನ್‌ಗೆ .280 ಬ್ಯಾರೆಲ್ ಕೂರಿಸಿದ್ದರೆ ಅದು ಸ್ಟಾಕ್ ಎಷ್ಟು ಚೆಂದವಿದ್ದರೂ ಗೋಡೆಗೆ ನೇತುಹಾಕುವ ವಸ್ತು.

ಕೊನೆಯದಾಗಿ, ರೈಫಲನ್ನು ಟೈರಿಗೆ ಕಟ್ಟಿ, ಕುದುರೆಗೆ ಹಗ್ಗ ಬಿಗಿದು ದೂರದಿಂದ ಹೊಡೆದು ಪರೀಕ್ಷಿಸುತ್ತೇವೆ ಎನ್ನುವ ಅರೆಬರೆ ಪಂಡಿತರ ಮಾತು ಕೇಳಬೇಡಿ. ತಪ್ಪು ಚೇಂಬರ್ ಮೊದಲ ಸಲ ಒಡೆಯಲೇಬೇಕೆಂದಿಲ್ಲ, ಅದು ಉಳಿದುಕೊಂಡರೆ ನಿಮಗೆ ಸಿಗುವುದು ಸುಳ್ಳು ಧೈರ್ಯ.

ಪ್ರಶ್ನೆ: ಮಾರುವವರು ಮೂರು ಗುಂಡು ಒಂದು ಇಂಚಿನೊಳಗೆ ಬಿದ್ದ ಕಾಗದ ತೋರಿಸುತ್ತಿದ್ದಾರೆ. ಗುರಿ ಚೆನ್ನಾಗಿದೆ ಎಂದಲ್ಲವೇ?

ಉತ್ತರ: ಕಾಗದಕ್ಕೆ ಬೆಲೆಯಿಲ್ಲ, ನೀವೇ ರೇಂಜ್‌ನಲ್ಲಿ ಹೊಡೆದು ನೋಡಿ.

ಪ್ರಶ್ನೆ: ಕಟ್ಟಿಸಲು ಬಹಳ ಖರ್ಚಾಗಿದೆಯಂತೆ. ಎಷ್ಟು ಕೊಡಬಹುದು?

ಉತ್ತರ: ಕಟ್ಟಿದ ಗನ್‌ಸ್ಮಿತ್ ಯಾರೆಂದು ಗೊತ್ತಿಲ್ಲದಿದ್ದರೆ ಆಕ್ಷನ್, ಬ್ಯಾರೆಲ್, ಸ್ಟಾಕ್‌ಗಳ ಬಿಡಿ ಬೆಲೆಯಷ್ಟೇ. ಮಾಲೀಕರ ಖರ್ಚು ನಿಮ್ಮ ಸಾಲವಲ್ಲ.

ಪ್ರಶ್ನೆ: ಕೊಡಗಿನ ನಮ್ಮ ಮನೆಯಲ್ಲಿ ಅಜ್ಜನ ಕಾಲದ .275 ರಿಗ್ಬಿ ಕೋವಿ ಇದೆ. ಅದಕ್ಕೆ 7×57 ತೋಟಾ ಆಗುತ್ತದೆಯೇ?

ಉತ್ತರ: ಎರಡೂ ಒಂದೇ ತೋಟಾ. ಚಂಪಾವತ್ ಹುಲಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್ ಅವರಿಗೆ ಬಹುಮಾನವಾಗಿ ಕೊಟ್ಟದ್ದೂ .275 ರಿಗ್ಬಿಯೇ. ಆದರೂ ಅಷ್ಟು ಹಳೆಯ ಕೋವಿಯನ್ನು ಮೇಲೆ ಹೇಳಿದ ಅಳತೆ ಮಾಡಿಸದೆ ಹಾರಿಸಬೇಡಿ. ಬೇಟೆಯ ಮಾತು ಬೇಡ, 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಆ ಪ್ರಶ್ನೆಯೇ ಮುಗಿದಿದೆ.

ಪ್ರಶ್ನೆ: ರೈಫಲ್ ಜೊತೆಗೆ ಹಿಂದಿನ ಮಾಲೀಕರು ತಾವೇ ತುಂಬಿದ ಎರಡು ಡಬ್ಬಿ ತೋಟಾ ಉಚಿತವಾಗಿ ಕೊಡುತ್ತಿದ್ದಾರೆ. ಮೊದಲಿಗೆ ಅವನ್ನೇ ಬಳಸಬಹುದೇ?

ಉತ್ತರ: ಖಂಡಿತ ಬೇಡ. ಒಳಗೆ ಯಾವ ಮದ್ದು, ಎಷ್ಟು ಮದ್ದು ಎಂಬುದು ಡಬ್ಬಿಯ ಮೇಲಿನ ಚೀಟಿಯಿಂದ ತಿಳಿಯುವುದಿಲ್ಲ. ಗುಂಡು ಕಿತ್ತು, ಮದ್ದು ಚೆಲ್ಲಿ, ಹಿತ್ತಾಳೆಯನ್ನು ಗುಜರಿಗೆ ಹಾಕಿ, ಕಾರ್ಖಾನೆಯ ಹೊಸ ಪೆಟ್ಟಿಗೆಯೊಂದನ್ನು ಕೊಳ್ಳಿ.